ಮೂರು ಬೆರಳಿನ ಹಿಡಿತ

ಅಹಮದಾಬಾದಿನ ಅಂಚಿನಲ್ಲಿರುವ ಚಾಂದ್‌ಖೇಡಾದ ಎಣ್ಣೆ ಕಂಪನಿಯ ಕಾಲನಿಯಲ್ಲಿ ಹನುಮಂತನನ್ನು ಗೊತ್ತಿಲ್ಲದವರಿರಲಿಲ್ಲ. ಬಲಗೈಯಲ್ಲಿ ಉಂಗುರದ ಬೆರಳು, ಕಿರುಬೆರಳು ಎರಡೂ ಬುಡದಿಂದಲೇ ಇಲ್ಲದ ಆ ಮನುಷ್ಯ ಕಾಲನಿಯ ಟೆನಿಸ್ ಕಪ್ಪನ್ನು ಸಾಲಾಗಿ ನಾಲ್ಕು ವರ್ಷ ಗೆದ್ದಿದ್ದ.

ಆಟ ಕಲಿತದ್ದು ಧಾರವಾಡದಲ್ಲಿ, ಕಾಲೇಜು ಓದುವಾಗ. ಬೆರಳು ಕಳೆದುಕೊಂಡದ್ದು ೧೯೮೨ರಲ್ಲಿ, ಕಲೋಲ್ ಹತ್ತಿರ ಎಣ್ಣೆ ಬಾವಿ ಕೊರೆಯುವ ಒಂದು ರಿಗ್‌ನಲ್ಲಿ. ಕೊಳವೆಗೆ ಸುತ್ತುತ್ತಿದ್ದ ಸರಪಳಿ ಒಂದು ಗಳಿಗೆಯಲ್ಲಿ ಅವನ ಕೈಯನ್ನೂ ಸೇರಿಸಿ ಸುತ್ತಿಕೊಂಡಿತ್ತು. ಆಸ್ಪತ್ರೆಯಿಂದ ಬಂದ ಮೇಲೆ ಅವನನ್ನು ರಿಗ್‌ನಿಂದ ತೆಗೆದು ಸ್ಟೋರ್ಸ್ ವಿಭಾಗದ ಮೇಜಿನ ಮುಂದೆ ಕೂರಿಸಿದರು. ಒಂದು ವರ್ಷ ಅವನು ಬಲಗೈಯನ್ನು ಪ್ಯಾಂಟಿನ ಕಿಸೆಯಿಂದ ಹೊರಗೆ ತೆಗೆಯಲಿಲ್ಲ. ಆಮೇಲೆ ಒಂದು ಬೆಳಗ್ಗೆ ಹಳೆಯ ರಾಕೆಟ್ ಹುಡುಕಿ ತೆಗೆದು, ನೀರಿನ ಟ್ಯಾಂಕಿನ ಗೋಡೆಗೆ ಚೆಂಡು ಹೊಡೆಯತೊಡಗಿದ. ಮೂರು ಬೆರಳಿಗೆ ಹಿಡಿಕೆ ನಿಲ್ಲುತ್ತಿರಲಿಲ್ಲ. ಹೆಬ್ಬೆರಳನ್ನು ಹಿಡಿಕೆಯ ಹಿಂದೆ ಒತ್ತಿ, ತೋಳು ಸೋತಲ್ಲಿ ಮಣಿಕಟ್ಟನ್ನು ಚಾವಟಿಯಂತೆ ಬೀಸಿ ಹೊಡೆಯುವ ತನ್ನದೇ ಒಂದು ರೀತಿಯನ್ನು ತಿಂಗಳುಗಟ್ಟಲೆ ಬೆವರು ಸುರಿಸಿ ಕಂಡುಕೊಂಡ. ಆ ಹೊಡೆತ ಎದುರಾಳಿಗೆ ತಿಳಿಯುತ್ತಲೇ ಇರಲಿಲ್ಲ. ಚೆಂಡು ಎಡಕ್ಕೆ ಹೋದೀತು ಅಂದುಕೊಂಡರೆ ಬಲಕ್ಕೆ ಹೋಗುತ್ತಿತ್ತು.

ಅಪಘಾತವಾದಾಗ ಮಗಳು ವಿಂಧ್ಯಾಗೆ ಒಂದು ವರ್ಷ. ಅಪ್ಪನ ಕೈ ಬೇರೆ ಥರ ಇದ್ದದ್ದನ್ನು ಅವಳು ನೋಡಿದ್ದೇ ಇಲ್ಲ. ಏಳನೆಯ ವಯಸ್ಸಿಗೆ ಅವನ ಹಿಂದೆ ಕೋರ್ಟಿಗೆ ಬಂದವಳು ರಾಕೆಟ್ ಹಿಡಿದದ್ದೂ ಅವನ ಹಾಗೆಯೇ: ಮೂರು ಬೆರಳು ಹಿಡಿಕೆಯ ಮೇಲೆ, ಕೊನೆಯ ಎರಡು ಬೆರಳು ಗಾಳಿಯಲ್ಲಿ. ಮಗಳು ಥೇಟ್ ಅಪ್ಪನ ಹಾಗೆ ಎಂದು ಕಾಲನಿಯವರು ನಗುತ್ತಿದ್ದರು. "ಹನುಮಂತ್‌ಭಾಯ್, ಬೇಟಿ ಬಿಲ್ಕುಲ್ ಆಪ್ ಜೈಸೀ!" ಹನುಮಂತನೂ ನಗುತ್ತಿದ್ದ. ಹನ್ನೆರಡಕ್ಕೆ ಬರುವಷ್ಟರಲ್ಲಿ ಅಹಮದಾಬಾದಿನಲ್ಲಿ ಅವಳ ವಯಸ್ಸಿನ ಹುಡುಗಿಯರು ಯಾರೂ ಅವಳನ್ನು ಸೋಲಿಸುತ್ತಿರಲಿಲ್ಲ.

೧೯೯೫ರ ಬೇಸಿಗೆ ರಜೆಯಲ್ಲಿ ವಡೋದರಾದಲ್ಲಿ ಆರು ವಾರದ ತರಬೇತಿ ಶಿಬಿರವಿತ್ತು. ಅದೇ ಊರಿನ ಫತೇಗಂಜ್‌ನಲ್ಲಿ ಹನುಮಂತನ ಹೆಂಡತಿ ನಳಿನಿಯ ಚಿಕ್ಕಮ್ಮನ ಮಗಳು ಶಕುಂತಲಾ ಇದ್ದಳು. ಗಂಡನಿಗೆ ಬ್ಯಾಂಕಿನಿಂದ ವರ್ಗವಾಗಿ ಬಂದ ಸಂಸಾರ. ವಿಂಧ್ಯಾ ಅವರ ಮನೆಯಲ್ಲಿ ಉಳಿದು, ಬೆಳಗ್ಗೆ ಐದೂವರೆಗೆ ನಡೆದೇ ಕೋರ್ಟಿಗೆ ಹೋಗುವುದೆಂದು ಏರ್ಪಾಡಾಯಿತು.

ಕಲಿಸುವವಳು ರಜನಿ. ನಲವತ್ತು ದಾಟಿದ ಗುಜರಾತಿ ಹೆಂಗಸು, ಒಂದು ಕಾಲಕ್ಕೆ ರಾಜ್ಯಕ್ಕೆ ಆಡಿದವಳು. ಬಿಸಿಲಿಗೆ ಕಪ್ಪಾದ ಮುಖ, ಕೊರಳಲ್ಲಿ ಸೀಟಿ, ಮಾತು ಕಡಿಮೆ. ಮೊದಲ ದಿನ ವಿಂಧ್ಯಾ ಹತ್ತು ಚೆಂಡು ಹೊಡೆಯುವುದನ್ನು ನೋಡಿ ಸೀಟಿ ಊದಿದಳು. ಹತ್ತಿರ ಬಂದು ಹುಡುಗಿಯ ಬಲಗೈಯನ್ನು ಹಿಡಿದು ಬೆರಳುಗಳನ್ನು ಒಂದೊಂದಾಗಿ ಮಡಿಸಿ, ಬಿಡಿಸಿ ನೋಡಿದಳು.

"ಈ ಎರಡು ಬೆರಳಿಗೆ ಏನಾಗಿದೆ?" ಎಂದು ಹಿಂದಿಯಲ್ಲಿ ಕೇಳಿದಳು.

"ಏನೂ ಆಗಿಲ್ಲ."

"ಮತ್ತೆ ಯಾಕೆ ಎತ್ತಿಕೊಂಡಿದ್ದೀ?"

ವಿಂಧ್ಯಾ ತನ್ನ ಕೈಯನ್ನೇ ನೋಡಿಕೊಂಡಳು. ತಾನು ಎತ್ತುತ್ತೇನೆ ಎಂಬುದೇ ಅವಳಿಗೆ ಗೊತ್ತಿರಲಿಲ್ಲ.

"ಪಪ್ಪಾ ಹಾಗೇ ಹಿಡಿಯುತ್ತಾರೆ" ಎಂದಳು.

"ನಿನ್ನ ಪಪ್ಪಾ ಯಾಕೆ ಹಾಗೆ ಹಿಡಿಯುತ್ತಾರೆ?"

"ಅವರಿಗೆ ಆ ಎರಡು ಬೆರಳು ಇಲ್ಲ."

ರಜನಿ ಹುಡುಗಿಯ ಮಣಿಕಟ್ಟನ್ನು ತಿರುಗಿಸಿ, ಕಿರುಬೆರಳಿನ ಬದಿಯ ಮೂಳೆಯ ಕೆಳಗೆ ಹೆಬ್ಬೆರಳಿನಿಂದ ಒತ್ತಿದಳು. ವಿಂಧ್ಯಾ ಕೈ ಕಿತ್ತುಕೊಂಡಳು.

"ಯಾವಾಗಿನಿಂದ ನೋವು?"

"ದೀಪಾವಳಿಯಿಂದ."

"ಮನೆಯಲ್ಲಿ ಹೇಳಿದ್ದೀಯಾ?"

"ಆಡುವವರಿಗೆ ನೋವು ಇದ್ದೇ ಇರುತ್ತೆ ಅಂತ ಪಪ್ಪಾ ಹೇಳ್ತಾರೆ."

ಮರುದಿನದಿಂದ ರಜನಿ ಅವಳಿಗೆ ಚೆಂಡನ್ನೇ ಕೊಡಲಿಲ್ಲ. ರಾಕೆಟ್ಟಿನ ಹಿಡಿಕೆ ದುಂಡಗಿಲ್ಲ, ಅದಕ್ಕೆ ಎಂಟು ಮುಖಗಳಿವೆ ಎಂಬುದರಿಂದ ಪಾಠ ಶುರುವಾಯಿತು. ಯಾರದೋ ಕೈ ಕುಲುಕುವ ಹಾಗೆ ಹಿಡಿಕೆಯನ್ನು ಹಿಡಿಯಬೇಕು. ತೋರುಬೆರಳಿನ ಬುಡದ ಗಂಟು ಯಾವ ಮುಖದ ಮೇಲೆ ಕೂರಬೇಕೋ ಅಲ್ಲಿ ಪೆನ್ನಿನಿಂದ ಒಂದು ಚುಕ್ಕೆ ಇಟ್ಟುಕೊಟ್ಟಳು. ಕಣ್ಣು ಮುಚ್ಚಿ ಹಿಡಿ, ಬಿಡು, ಮತ್ತೆ ಹಿಡಿ. ದಿನಕ್ಕೆ ಇನ್ನೂರು ಸಲ.

"ನೀನು ಹಿಡಿತ ಇರುವುದು ಹೆಬ್ಬೆರಳಲ್ಲಿ ಅಂದುಕೊಂಡಿದ್ದೀ. ಅಲ್ಲ. ಹಿಡಿತ ಇರುವುದು ಕೊನೆಯ ಎರಡು ಬೆರಳಲ್ಲಿ. ಮೇಲಿನ ಬೆರಳುಗಳು ದಾರಿ ತೋರಿಸುತ್ತವೆ ಅಷ್ಟೇ. ಕೆಳಗಿನವು ಸಡಿಲವಾದರೆ ಚೆಂಡು ಬಡಿದಾಗ ರಾಕೆಟ್ ತಿರುಗುತ್ತದೆ. ಅದನ್ನು ತಡೆಯಲು ನಿನ್ನ ಮಣಿಕಟ್ಟು ಏಳು ವರ್ಷದಿಂದ ಒದ್ದಾಡುತ್ತಿದೆ."

ಎರಡನೆಯ ವಾರ ಬರೀ ಕೊನೆಯ ಮೂರು ಬೆರಳಿನಿಂದ ರಾಕೆಟ್ ಹಿಡಿದು, ಹತ್ತಿರದಿಂದ ಎಸೆದ ಚೆಂಡನ್ನು ಮೆಲ್ಲಗೆ ದಾಟಿಸುವ ಅಭ್ಯಾಸ. ಗಟ್ಟಿಯಾಗಿ ಹಿಡಿಯಬೇಡ, ಚೆಂಡು ತಾಗುವ ಗಳಿಗೆಯಲ್ಲಿ ಮಾತ್ರ ಬಿಗಿ ಮಾಡು, ಮತ್ತೆ ಬಿಟ್ಟುಬಿಡು. ಎಂದೂ ಕೆಲಸ ಮಾಡದ ಎರಡು ಬೆರಳುಗಳು ಸಂಜೆಗೆ ನಡುಗುತ್ತಿದ್ದವು. ಶಕುಂತಲಾ ರೊಟ್ಟಿ ಮುರಿದುಕೊಡುತ್ತಿದ್ದಳು. ಐದನೆಯ ವಾರದಲ್ಲಿ ಒಂದು ದಿನ ಎಂಟು ಹೊಡೆತ ಸಾಲಾಗಿ ಅಂಕಣದ ಹಿಂಗೆರೆಯ ಹತ್ತಿರ ಬಿದ್ದವು. ಮಣಿಕಟ್ಟು ನೋಯಲಿಲ್ಲ. ವಿಂಧ್ಯಾ ರಾಕೆಟ್ಟನ್ನು ನೋಡಿ ನಕ್ಕಳು. ರಜನಿಯೂ ನಕ್ಕಳು.

ಮಗಳನ್ನು ಕರೆದೊಯ್ಯಲು ಹನುಮಂತ ಬಂದದ್ದು ಜೂನ್ ಎರಡನೆಯ ವಾರ. ಬೇಲಿಯ ಹೊರಗೆ ನಿಂತು ಒಂದು ಗಂಟೆ ನೋಡಿದ. ಅಪ್ಪ ಬಂದದ್ದನ್ನು ಕಂಡ ವಿಂಧ್ಯಾಳ ಹೊಡೆತಗಳೆಲ್ಲ ಬಲೆಗೆ ಬೀಳತೊಡಗಿದವು.

ರಜನಿ ಅವನ ಹತ್ತಿರ ಬಂದಳು. ಅವನ ಕೈಯತ್ತ ಒಮ್ಮೆ ನೋಡಿ, ಕಣ್ಣು ಬೇರೆಡೆ ಹೊರಳಿಸಿದಳು.

"ಹನುಮಂತ್‌ಭಾಯ್, ಆರು ತಿಂಗಳು ಯಾವ ಪಂದ್ಯವೂ ಬೇಡ. ಹೊಸ ಹಿಡಿತ ಕೂರಲು ಅಷ್ಟು ಬೇಕು. ಅಲ್ಲಿಯವರೆಗೆ ಅಭ್ಯಾಸದ ಆಟದಲ್ಲೂ ಸೋಲುತ್ತಾಳೆ. ಸೋಲಲಿ ಬಿಡಿ. ಮಣಿಕಟ್ಟನ್ನು ಡಾಕ್ಟರಿಗೆ ತೋರಿಸಿ."

"ಇದೇ ಹಿಡಿತದಾಗ ಆಕಿ ಅಹಮದಾಬಾದಿನ ಹುಡುಗ್ಯಾರನ್ನೆಲ್ಲಾ ಸೋಲಿಸ್ಯಾಳ" ಎಂದು ಕನ್ನಡದಲ್ಲಿ ಬಾಯಿಗೆ ಬಂದದ್ದನ್ನು ನುಂಗಿಕೊಂಡು, ಹನುಮಂತ "ಠೀಕ್ ಹೈ" ಎಂದಷ್ಟೇ ಹೇಳಿದ. ರೈಲು ನಡಿಯಾದ್ ದಾಟಿದ ಮೇಲೆ ವಿಂಧ್ಯಾ "ಪಪ್ಪಾ, ಗುಸ್ಸಾ ಬಂದೈತೇನು?" ಎಂದಳು. "ಇಲ್ಲವ್ವಾ" ಎಂದು ಅವನು ಕಿಟಕಿಯ ಹೊರಗೆ ನೋಡಿದ.

ರಜನಿ ಹೇಳಿದ ಹಾಗೆಯೇ ಆಯಿತು. ಕಾಲನಿಯಲ್ಲಿ ವಿಂಧ್ಯಾ ಯಾವ ಹುಡುಗಿಗೆ ಎಂದೂ ಒಂದು ಗೇಮ್ ಬಿಟ್ಟುಕೊಟ್ಟಿರಲಿಲ್ಲವೋ ಅವಳೇ ವಿಂಧ್ಯಾಳನ್ನು ಸೋಲಿಸಿದಳು. ಹುಡುಗಿಯ ಅಮ್ಮ ಸಿಹಿ ಹಂಚಿದಳು. ಆಗಸ್ಟಿನಲ್ಲಿ ನಗರದ ಒಂದು ಕ್ಲಬ್ಬಿನ ಪಂದ್ಯಾವಳಿಗೆ ಹನುಮಂತನೇ ಹೆಸರು ಕೊಟ್ಟಿದ್ದ. ಮೊದಲ ಸುತ್ತಿನಲ್ಲೇ ಸೋತಳು. ಡಾಕ್ಟರ ಹತ್ತಿರ ಹೋಗಿರಲಿಲ್ಲ. ನೋವು ತಾನಾಗಿ ಕಡಿಮೆಯಾಗಿತ್ತು. ಆದರೆ ಬೆಳಗಿನ ಅಭ್ಯಾಸದಲ್ಲಿ ಹನುಮಂತ ಮೊದಲಿನ ಹಾಗೆ ಕೂಗಿ ಹೇಳುವುದು ನಿಂತಿತು. ಚೆಂಡು ಕೊಡುತ್ತಿದ್ದ, ವಾಪಸು ಬಂದದ್ದನ್ನು ಎತ್ತಿಕೊಳ್ಳುತ್ತಿದ್ದ. ಅವಳು ಐದೂ ಬೆರಳು ಹಚ್ಚಿ ಹಿಡಿದಾಗಲೆಲ್ಲ ಅವನ ಮುಖ ಗೋಡೆಯಂತಾಗುತ್ತಿತ್ತು. ಒಂದು ಸಂಜೆ ಕೋರ್ಟಿನ ಬೆಂಚಿನ ಮೇಲೆ ಅವನು ಒಬ್ಬನೇ ಕೂತು ತನ್ನ ಬಲಗೈಯನ್ನು ಎಡಗೈಯಿಂದ ತಿಕ್ಕಿಕೊಳ್ಳುತ್ತಿದ್ದುದನ್ನು ವಿಂಧ್ಯಾ ದೂರದಿಂದ ನೋಡಿ, ಹತ್ತಿರ ಹೋಗದೆ ಮನೆಗೆ ಬಂದಳು.

ನವೆಂಬರಿನಲ್ಲಿ ಒಂದು ದಿನ ಊಟಕ್ಕೆ ಕೂತಾಗ ಹನುಮಂತ ಹೇಳಿದ: "ಡಿಸೆಂಬರ್‌ದಾಗ ಸೂರತ್ತಿನೊಳಗ ರಾಜ್ಯದ ಪಂದ್ಯಾವಳಿ ಐತಿ. ಹದಿನಾಲ್ಕರ ಒಳಗಿನವರದು. ವಿಂಧ್ಯಾಗ ಇದೇ ಕಡೀ ವರ್ಷ."

"ಆ ರಜನಿಬಾಯಿ ಆರು ತಿಂಗಳು ಬ್ಯಾಡ ಅಂದಾರಲ್ರೀ?" ಎಂದಳು ನಳಿನಿ.

"ಆರು ತಿಂಗಳು ಆಗಾಕ ಬಂತಲ್ಲ. ಇದೊಂದು ಸಲ ಹಳೇ ಕೈಲೆ ಆಡ್ಲಿ. ಆಮ್ಯಾಲ ಬೇಕಾದ್ರ ಜನ್ಮಪೂರ್ತಿ ಹೊಸಾದು ಹಿಡೀಲಿ."

"ನೋವಾದ್ರ?"

"ಎಲ್ಲಾರಿಗೂ ಆಗ್ತೈತಿ. ನನಗ ಆಗಿಲ್ಲೇನು?"

"ನಿಮ್ಮ ಕೈ ಬ್ಯಾರೆ, ಕೂಸಿನ ಕೈ ಬ್ಯಾರೆ." ನಳಿನಿ ಹುಳಿಯ ಪಾತ್ರೆಯನ್ನು ಕುಕ್ಕಿದಳು. "ಆಕೀನ್ನ ಕೇಳ್ರಿ ಮೊದ್ಲ."

ಇಬ್ಬರೂ ವಿಂಧ್ಯಾಳತ್ತ ನೋಡಿದರು. ಹದಿನಾಲ್ಕು ವರ್ಷದ ಹುಡುಗಿ ತಟ್ಟೆ ನೋಡಿಕೊಂಡೇ "ಆಡ್ತೀನಿ ಪಪ್ಪಾ" ಎಂದಳು. ಜೂನ್ ನಂತರ ಮೊದಲ ಬಾರಿಗೆ ಹನುಮಂತ ಅವಳ ತಲೆ ಸವರಿದ.

ಹಳೆಯ ಹಿಡಿತ ಎರಡೇ ದಿನದಲ್ಲಿ ಮರಳಿ ಬಂತು. ಹೊಸದನ್ನು ಕಲಿಯಲು ಬೇಕಾದ ತಿಂಗಳುಗಳೆಲ್ಲ ಎಲ್ಲಿ ಹೋದವೋ ತಿಳಿಯಲಿಲ್ಲ. ಸೂರತ್ತಿನಲ್ಲಿ ಅವಳು ಮೊದಲ ಮೂರು ಪಂದ್ಯ ಸಲೀಸಾಗಿ ಗೆದ್ದಳು. ಮೊನ್ನೆಮೊನ್ನೆ ಅವಳನ್ನು ಸೋಲಿಸಿದ್ದ ಹುಡುಗಿಯರು ಚೆಂಡು ಎತ್ತ ಬರುತ್ತದೆಂದು ತಿಳಿಯದೆ ನಿಂತಲ್ಲೇ ನಿಂತರು. ಸೆಮಿಫೈನಲ್ ಮುಗಿದಾಗ ಮಣಿಕಟ್ಟು ಊದಿತ್ತು. ಧರ್ಮಶಾಲೆಯ ಕೋಣೆಯಲ್ಲಿ ಹನುಮಂತ ಐಸ್ ಇಟ್ಟು, ಬಟ್ಟೆ ಸುತ್ತಿ, "ಇನ್ನೊಂದೇ" ಎಂದ.

ಫೈನಲ್ ಇದ್ದದ್ದು ಸಂಜನಾ ಎಂಬ ಸೂರತ್ತಿನ ಹುಡುಗಿಯ ವಿರುದ್ಧ. ಉದ್ದನೆಯ ಹುಡುಗಿ, ಗಟ್ಟಿ ಹೊಡೆತ. ಮೊದಲ ಸೆಟ್ ವಿಂಧ್ಯಾಗೆ ಬಂತು. ಎರಡನೆಯದರಲ್ಲಿ ನಾಲ್ಕು-ನಾಲ್ಕು ಆಗಿದ್ದಾಗ ಸಂಜನಾ ಹೊಡೆದ ಒಂದು ಚೆಂಡು ರಾಕೆಟ್ಟಿನ ಅಂಚಿಗೆ ಬಡಿಯಿತು. ರಾಕೆಟ್ ಕೈಯಲ್ಲೇ ತಿರುಗಿತು. ಒಣ ಕಡ್ಡಿ ಮುರಿದಂಥ ಒಂದು ಸದ್ದು ತನ್ನ ಕೈಯೊಳಗಿನಿಂದ ಬಂದದ್ದನ್ನು ವಿಂಧ್ಯಾ ಕೇಳಿದಳು. ಅವಳು ಕೂಗಲಿಲ್ಲ. ಕೈಯನ್ನು ಹೊಟ್ಟೆಗೆ ಒತ್ತಿಕೊಂಡು ಬಗ್ಗಿ ನಿಂತಳು.

ತನ್ನ ಬೇರೆ ಶಿಷ್ಯರನ್ನು ಕರೆದುಕೊಂಡು ಬಂದಿದ್ದ ರಜನಿ ಗ್ಯಾಲರಿಯಿಂದ ಇಳಿದು ಓಡಿ ಬಂದಳು. "ನಿಲ್ಲಿಸಿ! ಹನುಮಂತ್‌ಭಾಯ್, ಹುಡುಗಿಯನ್ನು ಹೊರಗೆ ಕರೆದುಕೊಳ್ಳಿ!"

ಅಂಪೈರ್ ಐದು ನಿಮಿಷ ಬಿಡುವು ಕೊಟ್ಟ. ಹನುಮಂತ ಮಗಳ ಮುಂದೆ ಮೊಣಕಾಲೂರಿ ಕೂತು ಪಟ್ಟಿಯನ್ನು ಬಿಚ್ಚಿ ಮತ್ತೆ ಬಿಗಿಯಾಗಿ ಸುತ್ತಿದ. ಅವಳ ತುಟಿ ಬಿಳಿಚಿಕೊಂಡಿತ್ತು.

"ಪಪ್ಪಾ, ಒಳಗ ಏನೋ ಟೂಟ್ ಹೋಗೇತಿ."

"ಏನೂ ಆಗಿಲ್ಲ. ಎರಡ ಗೇಮವ್ವಾ. ಎರಡ. ಸರ್ವ್ ಕೆಳಗಿಂದ ಮಾಡು."

ಅವಳು ಎದ್ದು ಹೋದಳು. ಕಣ್ಣೀರು ಸುರಿಯುತ್ತಿದ್ದಂತೆಯೇ ಸರ್ವನ್ನು ಕೆಳಗಿನಿಂದ ಮಾಡಿದಳು. ಎದುರಿನ ಹುಡುಗಿ ಅಳುವವಳ ಮೇಲೆ ಗಟ್ಟಿಯಾಗಿ ಹೊಡೆಯಲಾರದೆ ಎರಡು ಚೆಂಡು ಹೊರಗೆ ಕಳಿಸಿದಳು, ಆಮೇಲೆ ಗಾಬರಿಯಲ್ಲಿ ಇನ್ನೆರಡು. ಎರಡು ಗೇಮೂ ಹೀಗೆಯೇ ಮುಗಿದವು. ವಿಂಧ್ಯಾ ಗೆದ್ದಳು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಕಪ್ಪನ್ನು ಅವಳು ಎಡಗೈಯಲ್ಲಿ ತೆಗೆದುಕೊಂಡಳು. ರಜನಿ ಆ ಹೊತ್ತಿಗೆ ಹೊರಟುಹೋಗಿದ್ದಳು.

ಅಹಮದಾಬಾದಿನಲ್ಲಿ ಮೂಳೆ ಡಾಕ್ಟರು ಕೈ ನೋಡಿ, ಮೂಳೆಯನ್ನೂ ಸ್ನಾಯುವನ್ನೂ ಸೇರಿಸುವ ಹುರಿ ಹರಿದಿದೆ, ಒಳಗಿನ ಮೆದು ಮೂಳೆಯೂ ಸವೆದು ಸೀಳಿದೆ ಎಂದರು. "ಇದು ಒಂದು ದಿನದಲ್ಲಿ ಆದದ್ದಲ್ಲ. ವರ್ಷಗಟ್ಟಲೆ ತಿಂದಿದೆ. ಮೊದಲ ಪೆಟ್ಟಿಗೇ ನಿಲ್ಲಿಸಿದ್ದರೂ ಒಂದಷ್ಟು ಉಳಿಯುತ್ತಿತ್ತು." ಜನವರಿಯಲ್ಲಿ ಒಂದು ಶಸ್ತ್ರಚಿಕಿತ್ಸೆ, ಏಪ್ರಿಲ್‌ನಲ್ಲಿ ಇನ್ನೊಂದು. ಪ್ಲಾಸ್ಟರ್ ತೆಗೆದಾಗ ಕೈ ಸಣಕಲಾಗಿತ್ತು. ಮಣಿಕಟ್ಟು ಮೇಲಕ್ಕೂ ಕೆಳಕ್ಕೂ ಒಂದಿಷ್ಟೇ ಬಾಗುತ್ತಿತ್ತು, ಪಕ್ಕಕ್ಕೆ ಬಾಗುತ್ತಲೇ ಇರಲಿಲ್ಲ. ನಲ್ಲಿ ತಿರುಗಿಸಲು, ಜಡೆ ಹಾಕಿಕೊಳ್ಳಲು ಆಗುತ್ತಿರಲಿಲ್ಲ. ಹತ್ತು ಸಾಲು ಬರೆದರೆ ನೋವು. ಮುಂದಿನ ವರ್ಷ ಹತ್ತನೆಯ ಪರೀಕ್ಷೆ. ವಿಂಧ್ಯಾ ಎಡಗೈಯಲ್ಲಿ ಬರೆಯಲು ಕಲಿಯತೊಡಗಿದಳು.

ಅವಳು ಅಪ್ಪನನ್ನು ಬೈಯಲಿಲ್ಲ. "ನಾನೇ ಆಡ್ತೀನಿ ಅಂದಿದ್ದೆ" ಎಂದು ಅಮ್ಮನ ಮುಂದೆ ಹೇಳುತ್ತಿದ್ದಳು. ಅದೇ ಹನುಮಂತನಿಗೆ ತಡೆಯಲಾಗಲಿಲ್ಲ. ಆಫೀಸಿನಲ್ಲಿ ಕೂತರೂ ಕೆಲಸ ಸಾಗುತ್ತಿರಲಿಲ್ಲ. ಜುಲೈಯಲ್ಲಿ ಒಂದು ರಜೆಯ ದಿನ ನಳಿನಿಗೆ ಹೇಳದೆ ಬೆಳಗಿನ ರೈಲು ಹತ್ತಿ ಫತೇಗಂಜ್‌ಗೆ ಹೋದ.

ಮಳೆ ಬಂದು ಕೋರ್ಟು ಕೆಸರಾಗಿತ್ತು. ರಜನಿ ಶೆಡ್ಡಿನಲ್ಲಿ ಕೂತು ರಾಕೆಟ್ಟುಗಳಿಗೆ ತಂತಿ ಬಿಗಿಯುತ್ತಿದ್ದಳು. ಕೂರಲು ಹೇಳಲಿಲ್ಲ. ಅವನು ನಿಂತೇ ಹೇಳಿದ.

"ರಜನಿಬೆನ್, ಒಂದು ವಿಷಯ ಯಾರಿಗೂ ಹೇಳಿಲ್ಲ. ಅವಳು ಎಂಟು ವರ್ಷದವಳಿದ್ದಾಗ ಟಿವಿಯಲ್ಲಿ ಆಟ ನೋಡಿ, ಮರುದಿನ ತಾನಾಗಿಯೇ ಐದೂ ಬೆರಳು ಹಚ್ಚಿ ಹಿಡಿದಿದ್ದಳು. ಚೆಂಡು ಚೆನ್ನಾಗಿ ಬರುತ್ತಿತ್ತು. ಯಾವುದು ಸರಿ ಪಪ್ಪಾ ಅಂತ ಕೇಳಿದಳು. ನನಗೆ ಗೊತ್ತಿತ್ತು. ಬೆರಳಿದ್ದಾಗ ನಾನೂ ಹಾಗೇ ಹಿಡಿಯುತ್ತಿದ್ದೆನಲ್ಲ. ಆದರೂ ಮೊದಲಿನದೇ ಸರಿ ಎಂದೆ. ನಾನೇ ಆ ಎರಡು ಬೆರಳು ಬಿಡಿಸಿದೆ."

ರಜನಿಯ ಕೈ ನಿಂತಿತು. "ಯಾಕೆ?"

"ಕೋರ್ಟಿನಲ್ಲಿ ಅವಳು ನನ್ನ ಹಾಗೆ ಹಿಡಿದು ನಿಂತರೆ, ನನ್ನ ಕೈಯಲ್ಲಿ ಕೊರತೆ ಇದೆ ಅನ್ನಿಸುತ್ತಿರಲಿಲ್ಲ."

ತಗಡಿನ ಮೇಲೆ ಮಳೆ ಮತ್ತೆ ಶುರುವಾಯಿತು. ರಜನಿ ರಾಕೆಟ್ಟನ್ನು ಕೆಳಗಿಟ್ಟಳು.

"ಮೊದಲ ದಿನವೇ ನಾನು ಅವಳ ಮಣಿಕಟ್ಟು ನೋಡಿದ್ದೆ" ಎಂದಳು. "ಆವತ್ತೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕಿತ್ತು. ಹೋದರೆ ಶಿಬಿರ ಬಿಡಿಸುತ್ತಾರೆ, ಇಂಥ ಹುಡುಗಿ ಮತ್ತೆ ಸಿಗುವುದಿಲ್ಲ ಅಂತ ಸುಮ್ಮನಾದೆ. ಅದು ನನ್ನ ಪಾಲು. ಅದಕ್ಕೆ ನಿಮ್ಮದು ಕಡಿಮೆಯಾಗುವುದಿಲ್ಲ. ಇದನ್ನು ನನಗಲ್ಲ, ಅವಳಿಗೆ ಹೇಳಿ. ನನ್ನ ಹತ್ತಿರ ಇನ್ನು ಬರಬೇಡಿ."

ಮರುದಿನ ಬೆಳಗ್ಗೆ ನಳಿನಿ ತರಕಾರಿಗೆ ಹೋಗಿದ್ದಳು. ವಿಂಧ್ಯಾ ಮೇಜಿನ ಮೇಲೆ ಎಡಗೈಯಲ್ಲಿ ಗುಜರಾತಿ ಅಕ್ಷರ ತಿದ್ದುತ್ತಿದ್ದಳು. ಹನುಮಂತ ಎದುರಿಗೆ ಕೂತು, ರಜನಿಗೆ ಹೇಳಿದ್ದನ್ನೆಲ್ಲ ಹೇಳಿದ. ಒಂದು ಮಾತನ್ನೂ ಬಿಡಲಿಲ್ಲ.

ವಿಂಧ್ಯಾ ಪೆನ್ನು ಕೆಳಗಿಟ್ಟಳು.

"ನಂಗ ಯಾದ್ ಇಲ್ಲ" ಎಂದಳು.

"ನನಗ ನೆನಪೈತಿ."

"ಸೂರತ್ತಿನಾಗೂ ಗೊತ್ತಿತ್ತಾ?"

"ಗೊತ್ತಿತ್ತು."

ಹುಡುಗಿ ಕಿಟಕಿಯತ್ತ ನೋಡಿದಳು.

"ಮಮ್ಮಿಗೆ ಗೊತ್ತಾ?"

"ಇಲ್ಲ. ಇವತ್ತ ಹೇಳ್ತೀನಿ."

"ಹೇಳಬ್ಯಾಡ್ರಿ."

"ಯಾಕವ್ವಾ?"

"ಹೇಳಿದ್ರ ಮಮ್ಮಿ ನಿಮ್ಮ ಸಾಥ್ ಇರಂಗಿಲ್ಲ. ನಾನಾಗ ಯಾರ ಕಡೆ ಇರ್ಬೇಕು?"

ಹನುಮಂತ ಪೆನ್ನನ್ನು ಅವಳತ್ತ ಸರಿಸಿ, "ನನ್ನ ಮ್ಯಾಲ ಸಿಟ್ಟೈತೇನು?" ಎಂದು ಕೇಳಿದ.

"ಐತಿ" ಎಂದಳು ವಿಂಧ್ಯಾ. "ಭಾಳ ಐತಿ. ಹೋಗಂಗಿಲ್ಲ ಅನಸ್ತೈತಿ." ಮತ್ತೆ ಪೆನ್ನು ಎತ್ತಿಕೊಂಡಳು.

ಆ ಸಿಟ್ಟು ಹೋಗಲಿಲ್ಲ. ನಳಿನಿಗೆ ಹನುಮಂತ ಏನೂ ಹೇಳಲಿಲ್ಲ. ಅವಳು ಜಗಳವಾಡಲಿಲ್ಲ, ಮಾತು ಬಿಡಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು. ತಾನಾಗಿ ಅಪ್ಪನಿಗೆ ಏನನ್ನೂ ಹೇಳುತ್ತಿರಲಿಲ್ಲ. ಪರೀಕ್ಷೆಯಲ್ಲಿ ಎಡಗೈಯ ನಿಧಾನಕ್ಕೆ ಎರಡು ಪ್ರಶ್ನೆ ಬಿಟ್ಟುಹೋದರೂ ಪಾಸಾದಳು. ಹನುಮಂತ ಕೋರ್ಟಿನ ಕಡೆ ಹೋಗುವುದನ್ನು ಬಿಟ್ಟ. ಚೆಂಡಿನ ಸದ್ದು ಕೇಳಿಸಬಾರದೆಂದು ಬೆಳಗಿನ ಹೊತ್ತು ಆ ಕಡೆಯ ಕಿಟಕಿಗಳನ್ನು ಮುಚ್ಚುತ್ತಿದ್ದ.

೧೯೯೮ರ ಮೇ ತಿಂಗಳಲ್ಲಿ ಗದಗಿನಿಂದ ನಳಿನಿಯ ಅಣ್ಣ, ಅತ್ತಿಗೆ ಬಂದರು. ಊಟದ ಹೊತ್ತಿನಲ್ಲಿ ವಿಂಧ್ಯಾ ಎಡಗೈಯಲ್ಲಿ ಬಡಿಸುವುದನ್ನು ನೋಡಿ ಅತ್ತಿಗೆ ಲೊಚಗುಟ್ಟಿದಳು.

"ಕೈ ಇನ್ನೂ ಹಂಗೇ ಐತಲ್ಲ ನಳಿನಿ?"

"ಆ ಡಾಕ್ಟರು ಹಾಳ ಮಾಡಿದಾ ವೈನೀ" ಎಂದಳು ನಳಿನಿ. ಬಂದವರಿಗೆಲ್ಲ ಅವಳು ಹೇಳುತ್ತಿದ್ದುದು ಇದನ್ನೇ. "ಎರಡೆರಡು ಸಲ ಕೊಯ್ದು ನನ್ನ ಮಗಳ ಬಂಗಾರದಂಥಾ ಕೈ ಹಾಳ ಮಾಡಿದಾ. ಇವರಂತೂ ಬಾಯಿ ಬಿಟ್ಟು ಒಂದು ಮಾತು ಕೇಳ್ಲಿಲ್ಲ."

ಹನುಮಂತನ ಕೈ ಅನ್ನದಲ್ಲೇ ನಿಂತಿತು. ಅವನು ತಲೆ ಎತ್ತಿ ಬಾಯಿ ತೆರೆದ. ಅಷ್ಟರಲ್ಲಿ ವಿಂಧ್ಯಾ ಅವನ ತಟ್ಟೆಗೆ ಸಾರು ಬಡಿಸುತ್ತ, "ಹೌದು ಮಾಮಿ, ಡಾಕ್ಟರದೇ ತಪ್ಪು" ಎಂದಳು. ಅಪ್ಪನ ಮುಖ ನೋಡದೆ ಮುಂದಿನ ತಟ್ಟೆಗೆ ಹೋದಳು.